ಅಲೆಂತೇಜು ವೈನ್ ಸುತ್ತಾಟ: ಎಲ್ಲಿ ಉಳಿಯಬೇಕು, ಯಾವ ವೈನರಿ ನೋಡಬೇಕು, ಗುಡಾಣದ ವೈನ್ ಎಲ್ಲಿ ಸಿಗುತ್ತದೆ

ಅಲೆಂತೇಜುಗೆ ಹೋಗುವ ಮುಂಚೆ ಒಂದ್ಸಲ ಮ್ಯಾಪ್ ತೆಗೆದು ನೋಡಿ. ಪೋರ್ಚುಗಲ್‌ನ ದಕ್ಷಿಣದಲ್ಲಿ, ತೇಜು ನದಿಯ ಆಚೆ ಹರಡಿರುವ ಈ ಬಯಲುಸೀಮೆ ಅಂದರೆ ಆ ದೇಶದ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ವೈನ್ ಮಾಡುವ ಊರುಗಳು ಇದರ ಉದ್ದಗಲಕ್ಕೂ ಚದುರಿಕೊಂಡಿವೆ. ಲಿಸ್ಬನ್‌ನಿಂದ ಬೆಳಿಗ್ಗೆ ಹೊರಟು, ನಾಲ್ಕು ವೈನರಿ ಮುಗಿಸಿ, ರಾತ್ರಿ ಊಟಕ್ಕೆ ವಾಪಸ್ ಬರುವ ಪ್ಲಾನ್ ಇದ್ದರೆ ಈಗಲೇ ಬಿಟ್ಟುಬಿಡಿ. ದಿನವೆಲ್ಲಾ ಕಾರಿನಲ್ಲೇ ಹೋಗುತ್ತದೆ, ಕೊನೆಗೆ ಯಾವ ವೈನ್ ಎಲ್ಲಿ ಕುಡಿದೆವು ಅನ್ನುವುದೂ ನೆನಪಿರುವುದಿಲ್ಲ.

ನನ್ನ ಸಲಹೆ ಇಷ್ಟೇ. ಒಂದೇ ಊರಿನಲ್ಲಿ ಉಳಿದುಕೊಳ್ಳಿ. ದಿನಕ್ಕೆ ಎರಡು ವೈನರಿ, ಅದಕ್ಕಿಂತ ಜಾಸ್ತಿ ಬೇಡ. ಆರಿಸುವಾಗ ಮೂರು ಬಗೆಯವು ಇರಲಿ: ಒಂದು ದೊಡ್ಡದು, ಒಂದು ಹಳೇ ಮನೆತನದ್ದು, ಒಂದು ಮಣ್ಣಿನ ಗುಡಾಣದಲ್ಲಿ ವೈನ್ ಮಾಡುವಂಥದ್ದು. ಮೊದಲ ಎರಡು ಜಗತ್ತಿನ ಬೇರೆ ಕಡೆಯೂ ಸಿಗುತ್ತವೆ. ಮೂರನೆಯದು ಇಷ್ಟು ಜೀವಂತವಾಗಿ ಉಳಿದಿರುವ ಜಾಗಗಳು ಬಹಳ ಕಡಿಮೆ, ಹಾಗಾಗಿ ಇಡೀ ಪ್ರವಾಸವನ್ನು ಅದರ ಸುತ್ತ ಕಟ್ಟಿಕೊಂಡರೂ ತಪ್ಪಿಲ್ಲ.

ಯಾವಾಗ ಹೋಗಬೇಕು

ಜುಲೈ, ಆಗಸ್ಟ್ ಬೇಡ. ಬಿಸಿಲು ಸಲೀಸಾಗಿ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ದ್ರಾಕ್ಷಿತೋಟದಲ್ಲಿ ನಿಂತು ಯಾರಾದರೂ ಮಣ್ಣಿನ ಬಗ್ಗೆ ವಿವರಿಸುತ್ತಿದ್ದರೆ ನಿಮ್ಮ ಗಮನವೆಲ್ಲ ನೆರಳಿನ ಮೇಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳು ಚೆಂದ, ಬಯಲೆಲ್ಲ ಹಸಿರು, ಕಾಡುಹೂವು. ಕೊಯ್ಲು ನೋಡಬೇಕು ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. ಬಿಳಿ ದ್ರಾಕ್ಷಿ ಮೊದಲು ಬರುತ್ತದೆ, ಸೆಕೆ ತಪ್ಪಿಸಲು ಎಷ್ಟೋ ಕಡೆ ರಾತ್ರಿಯೇ ಕೊಯ್ಯುತ್ತಾರೆ. ಆದರೆ ಕೊಯ್ಲಿನ ವೇಳೆ ವೈನರಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಚಿಕ್ಕ ಕಡೆಗಳಲ್ಲಿ ನಿಮ್ಮನ್ನು ಮಾತಾಡಿಸುವವರೇ ಸಿಗದಿರಬಹುದು.

ಗುಡಾಣದ ವೈನ್‌ಗಾಗಿಯೇ ಹೋಗುವವರು ನವೆಂಬರ್ ಹಿಡಿಯಿರಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ಎವೊರದಲ್ಲಿ ಉಳಿಯಿರಿ. ಲಿಸ್ಬನ್‌ನಿಂದ ಸುಮಾರು 130 ಕಿಲೋಮೀಟರ್, ಕಾರಿನಲ್ಲಿ ಒಂದೂವರೆ ಗಂಟೆ. ರೈಲೂ ಇದೆ, ಬಸ್ಸೂ ಇದೆ. ಕೋಟೆಗೋಡೆಯೊಳಗಿನ ಹಳೇ ಊರು 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಡುವೆ ರೋಮನ್ ಕಾಲದ ದೇವಾಲಯದ ಕಂಬಗಳು ನಿಂತಿವೆ, ಸ್ವಲ್ಪ ಕೆಳಗೆ ಹೋದರೆ ಗೋಡೆ ತುಂಬಾ ಮನುಷ್ಯರ ಎಲುಬು ಜೋಡಿಸಿದ ಪ್ರಾರ್ಥನಾ ಮಂದಿರವಿದೆ. 2027ಕ್ಕೆ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಆಯ್ಕೆಯಾಗಿರುವ ಊರು ಇದು, ಆ ವರ್ಷ ಹೋಗುವವರು ರೂಮು ಬೇಗ ಹಿಡಿದಿಟ್ಟುಕೊಳ್ಳಿ.

ವೈನ್ ಊರುಗಳ ಪೈಕಿ ರೆಗೆಂಗುಶ್ ಎವೊರದಿಂದ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ಎಸ್ತ್ರೆಮೋಜ್ ಸುಮಾರು ಅಷ್ಟೇ ದೂರ, ಆದರೆ ಬೇರೆ ದಿಕ್ಕು. ವಿದಿಗೇರ ದಕ್ಷಿಣಕ್ಕೆ, ಒಂದು ಗಂಟೆ ಅಂದುಕೊಳ್ಳಿ. ಉತ್ತರದ ಪೋರ್ತಾಲೆಗ್ರ್ ಮಾತ್ರ ದೂರ, ಸುಮಾರು ನೂರು ಕಿಲೋಮೀಟರ್. ಅಲ್ಲಿಗೆ ಹೋಗುವುದಾದರೆ ಆ ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು.

ಕಾರಿಲ್ಲದೆ ಕಷ್ಟ. ಹೆಚ್ಚಿನ ವೈನರಿಗಳು ಊರೊಳಗಿಲ್ಲ, ಬಸ್ಸು ಇಳಿಸುವ ಜಾಗದಿಂದ ಇನ್ನೂ ಎಷ್ಟೋ ದೂರ ಒಳಗಿರುತ್ತವೆ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಟೋಲ್‌ಗೆ ವಿಯಾ ವೆರ್ದ್ ಅನ್ನುವ ಪುಟ್ಟ ಡಬ್ಬಿ ಇದೆಯಾ ಕೇಳಿ, ಹೆದ್ದಾರಿಯಲ್ಲಿ ನಿಲ್ಲುವ ತಲೆನೋವು ತಪ್ಪುತ್ತದೆ. ಕುಡಿದು ಓಡಿಸುವ ವಿಷಯದಲ್ಲಿ ಪೋರ್ಚುಗಲ್ ಕಟ್ಟುನಿಟ್ಟು. ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯ, ಅದು ಮಿತಿ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿಲ್ಲದವರಿಗೆ 0.2 ಮಾತ್ರ. ಇಲ್ಲಿನ ಕೆಂಪು ವೈನ್ ಸಾಧಾರಣವಾಗಿ 14 ಪರ್ಸೆಂಟ್ ದಾಟಿರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗುಂಪಿನಲ್ಲಿ ಒಬ್ಬರು ಆ ದಿನ ಕುಡಿಯದೆ ಓಡಿಸಲಿ, ಮರುದಿನ ಸರದಿ ಬದಲಾಯಿಸಿ. ಇಲ್ಲವೇ ಡ್ರೈವರ್ ಸಮೇತ ಕಾರು ಮಾಡಿಕೊಳ್ಳಿ, ನಾಲ್ಕು ಜನ ಹಂಚಿಕೊಂಡರೆ ಅಷ್ಟೇನೂ ಭಾರ ಅನಿಸುವುದಿಲ್ಲ. ಇನ್ನೊಂದು ದಾರಿ ಉಗುಳುವುದು. ಪ್ರತಿ ಟೇಸ್ಟಿಂಗ್ ಮೇಜಿನ ಮೇಲೂ ಅದಕ್ಕೊಂದು ಪಾತ್ರೆ ಇಟ್ಟಿರುತ್ತಾರೆ, ಕಾಣಿಸದಿದ್ದರೆ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ, ವೈನ್ ಮಾಡುವವರೇ ಉಗುಳುತ್ತಾರೆ.

ಮೊದಲೇ ಬರೆಯಿರಿ

ಸುಮ್ನೆ ಗೇಟಿನ ಮುಂದೆ ಹೋಗಿ ನಿಂತರೆ ಒಳಗೆ ಬಿಡುವ ವೈನರಿ ಇಲ್ಲಿ ಕಡಿಮೆ. ದೊಡ್ಡ ಕಡೆಗಳಲ್ಲಿ ವೆಬ್‌ಸೈಟಿನಲ್ಲೇ ಬುಕ್ ಮಾಡಬಹುದು. ಚಿಕ್ಕ ಮನೆತನದ ಕಡೆಗಳಿಗೆ ಎರಡು ವಾರ ಮುಂಚೆ ಇಮೇಲ್ ಹಾಕಿ. ಎಷ್ಟು ಜನ, ಯಾವ ದಿನ, ಯಾವ ಭಾಷೆ, ಊಟ ಬೇಕಾ ಬೇಡವಾ, ಸಸ್ಯಾಹಾರಿಗಳು ಇದ್ದಾರಾ, ಇಷ್ಟು ಬರೆದರೆ ಸಾಕು. ಉತ್ತರ ನಿಧಾನಕ್ಕೆ ಬರುತ್ತದೆ. ಬರದಿದ್ದರೆ ಫೋನ್ ಮಾಡಿ, ಅದು ಬೇಗ ಕೆಲಸ ಮಾಡುತ್ತದೆ. ಭಾನುವಾರ ಎಷ್ಟೋ ವೈನರಿಗಳು ಮುಚ್ಚಿರುತ್ತವೆ, ಸೋಮವಾರ ಎಷ್ಟೋ ಹೋಟೆಲುಗಳು ಮುಚ್ಚಿರುತ್ತವೆ. ಹಾಗಾಗಿ ಮಂಗಳವಾರದಿಂದ ಶನಿವಾರದವರೆಗೆ ಪ್ಲಾನ್ ಮಾಡುವುದು ಜಾಣತನ.

ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ಒಂದು ವೈನರಿ, ಆಮೇಲೆ ಉದ್ದದ ಊಟ, ನಾಲ್ಕರ ಹೊತ್ತಿಗೆ ಇನ್ನೊಂದು. ಒಂದು ಭೇಟಿಗೆ ಒಂದೂವರೆ ಗಂಟೆ ಬೇಕು. ಮಧ್ಯಾಹ್ನ ಮೂರು ದಾಟಿದರೆ ಹಳ್ಳಿ ಕಡೆ ಅಡುಗೆಮನೆ ಮುಚ್ಚುತ್ತದೆ, ಆಮೇಲೆ ಸಂಜೆವರೆಗೂ ಬಿಸ್ಕತ್ತೇ ಗತಿ.

ಮೊದಲ ದಿನ ಎಲ್ಲಿಗೂ ಓಡಬೇಡಿ. ಎವೊರದ ಹಳೇ ಊರಿನಲ್ಲೇ ಅಲೆಂತೇಜು ವೈನ್ ರೂಟ್‌ನ ಕಚೇರಿ ಇದೆ. ಅಲ್ಲಿ ಬೇರೆ ಬೇರೆ ವೈನರಿಗಳ ಒಂದಷ್ಟು ವೈನ್ ರುಚಿ ನೋಡಬಹುದು, ಮ್ಯಾಪ್ ಕೊಡುತ್ತಾರೆ, ಯಾವ ವೈನರಿ ಯಾವತ್ತು ತೆರೆದಿರುತ್ತದೆ ಅಂತ ಹೇಳುತ್ತಾರೆ. ನಿಮಗೆ ಯಾವ ಬಗೆ ಹಿಡಿಸುತ್ತದೆ ಅನ್ನುವುದು ಅಲ್ಲೇ ಗೊತ್ತಾದರೆ ಉಳಿದ ದಿನಗಳು ಹಗುರ.

ಕುಡಿಯುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು

ಇಲ್ಲಿನ ದ್ರಾಕ್ಷಿ ಹೆಸರುಗಳು ಬೇರೆ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಕೆಂಪಿನಲ್ಲಿ ಅರಗೊನೇಜ್, ತ್ರಿಂಕದೇರ, ಅಲಿಕಾಂತ್ ಬುಶೆ. ಅರಗೊನೇಜ್ ಅಂದರೆ ಸ್ಪೇನ್‌ನ ತೆಂಪ್ರನೀಯೋನೇ. ತ್ರಿಂಕದೇರ ಸ್ವಲ್ಪ ಗಿಡಮೂಲಿಕೆ ವಾಸನೆ, ಖಾರದ ಎಳೆ ಇರುವಂಥದ್ದು, ಬೆಳೆಯುವವರಿಗೆ ತಲೆನೋವು ಕೊಡುವ ಬಳ್ಳಿ, ಮಳೆ ಬಂದರೆ ಬೇಗ ಕೊಳೆಯುತ್ತದೆ. ಅಲಿಕಾಂತ್ ಬುಶೆ ಇನ್ನೂ ಮಜಾ. ಸಾಮಾನ್ಯವಾಗಿ ಕೆಂಪು ದ್ರಾಕ್ಷಿಯ ತಿರುಳು ಬಿಳಿಯೇ ಇರುತ್ತದೆ, ಬಣ್ಣ ಬರುವುದು ಸಿಪ್ಪೆಯಿಂದ. ಇದರ ತಿರುಳೇ ಕೆಂಪು. ಫ್ರಾನ್ಸ್‌ನಲ್ಲಿ 19ನೇ ಶತಮಾನದಲ್ಲಿ ತಳಿ ಬೆರೆಸಿ ಮಾಡಿದ್ದು, ಅಲ್ಲಿ ಬರೀ ಬಣ್ಣಕ್ಕೆ ಅಂತ ಬಳಸಿ ಕಡೆಗಣಿಸಿದರು. ಅಲೆಂತೇಜುಗೆ ಬಂದ ಮೇಲೆ ಇದಕ್ಕೆ ಮರ್ಯಾದೆ ಸಿಕ್ಕಿತು. ಬಿಳಿಯಲ್ಲಿ ಆಂತಾಂವ್ ವಾಜ್ ಅನ್ನುವುದು ಮುಖ್ಯ, ಬಿಸಿಲು ತಡೆಯುವ ದ್ರಾಕ್ಷಿ. ಅದಕ್ಕೆ ಹುಳಿ ಕಡಿಮೆ, ಆದ್ದರಿಂದ ಅರಿಂತು ಅನ್ನುವ ಹುಳಿ ದ್ರಾಕ್ಷಿ ಬೆರೆಸುತ್ತಾರೆ.

ಲೇಬಲ್ ಮೇಲೆ ಎರಡು ಬಗೆ ಕಾಣುತ್ತವೆ. ಡಿಒಸಿ ಅಲೆಂತೇಜು (ಡಿಒಸಿ ಅಂದರೆ ವೈನ್ ಯಾವ ಸೀಮೆಯದ್ದು ಅಂತ ಖಾತ್ರಿ ಮಾಡುವ ಮುದ್ರೆ) ಅಂತ ಇದ್ದರೆ ದ್ರಾಕ್ಷಿ ಗೊತ್ತುಮಾಡಿದ ಎಂಟು ಉಪಪ್ರದೇಶಗಳದ್ದು, ನಿಯಮ ಬಿಗಿ. ವೀನ್ಯು ರೆಜಿಯೊನಾಲ್ ಅಲೆಂತೆಜಾನು ಅಂತಿದ್ದರೆ ಅಲೆಂತೇಜುವಿನ ಎಲ್ಲಿಂದಲಾದರೂ ಬಂದಿರಬಹುದು, ಸಿರಾ, ಕಬೆರ್ನೆಯಂಥ ಹೊರಗಿನ ದ್ರಾಕ್ಷಿಗೂ ಜಾಗವಿದೆ. ಎರಡನೆಯದು ಕಡಿಮೆ ದರ್ಜೆ ಅಂತ ಅಂದುಕೊಳ್ಳಬೇಡಿ. ಎಷ್ಟೋ ದುಬಾರಿ ಬಾಟಲಿಗಳು ಬೇಕಂತಲೇ ಆ ಹೆಸರಿನಲ್ಲಿ ಬರುತ್ತವೆ.

ಇನ್ನೊಂದು ಸಣ್ಣ ವಿಷಯ. ಸೆಕೆಗಾಲದಲ್ಲಿ ಹೋಟೆಲಿನವರು ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ತಂದಿಟ್ಟರೆ ಐಸ್ ಬಕೆಟ್ ಕೇಳಿ, ಹತ್ತು ನಿಮಿಷ ಅದರಲ್ಲಿಡಿ. 16ರಿಂದ 18 ಡಿಗ್ರಿಯಲ್ಲಿ ಕುಡಿದರೆ ಅದೇ ವೈನ್ ಬೇರೆಯಾಗಿರುತ್ತದೆ, ಬಿಸಿಯಾಗಿದ್ದರೆ ಬರೀ ಮದ್ಯದ ಘಾಟು.

ದೊಡ್ಡದು: ರೆಗೆಂಗುಶ್ ಕಡೆ

ದೊಡ್ಡ ವೈನರಿ ಅಂದರೆ ಎಸ್ಪೊರಾಂವ್. ಈ ಎಸ್ಟೇಟಿನ ಗಡಿ ಗುರುತಿಸಿದ್ದು 1267ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಅದು ಹೆಚ್ಚು ಬದಲಾಗಿಲ್ಲ. ಆದರೆ ಇವರ ವೈನ್ ಹೊಸದು. 1973ರಲ್ಲಿ ಈಗಿನ ಕಂಪನಿಯನ್ನು ಕಟ್ಟಿದವರು ಜಾಗ ಕೊಂಡರು, ಮರುವರ್ಷವೇ ಪೋರ್ಚುಗಲ್‌ನಲ್ಲಿ ಕ್ರಾಂತಿಯಾಯಿತು, ಅಲೆಂತೇಜುವಿನ ದೊಡ್ಡ ಎಸ್ಟೇಟುಗಳನ್ನೆಲ್ಲ ಕೂಲಿಕಾರರು ವಶಪಡಿಸಿಕೊಂಡರು. ಹಾಗಾಗಿ ಮೊದಲ ವೈನ್ ಬಂದಿದ್ದು 1985ರ ಕೊಯ್ಲಿನಿಂದ. ಈ ಕಥೆ ಇಲ್ಲಿ ಎಲ್ಲೇ ಹೋದರೂ ಕೇಳುತ್ತೀರಿ, ಅಲೆಂತೇಜು ವೈನ್‌ನ ಈಗಿನ ರೂಪ ನಿಜವಾಗಿ ಶುರುವಾಗಿದ್ದು ಜಮೀನುಗಳು ವಾಪಸ್ ಬಂದು, 1986ರಲ್ಲಿ ದೇಶ ಯುರೋಪಿನ ಒಕ್ಕೂಟ ಸೇರಿ, ದುಡ್ಡು ಹರಿದುಬಂದ ಮೇಲೆ. ಅದಕ್ಕೂ ಮುಂಚೆ ಸರ್ವಾಧಿಕಾರಿ ಸಲಜಾರ್ ಕಾಲದ ಸರ್ಕಾರ ಈ ಸೀಮೆಯೆಲ್ಲ ಗೋಧಿ ಬೆಳೆಯಲಿ ಅಂತ ಹಟ ಹಿಡಿದಿತ್ತು.

ಎಸ್ಪೊರಾಂವ್‌ನಲ್ಲಿ ಎಲ್ಲವೂ ಅಚ್ಚುಕಟ್ಟು. ಟೂರ್ ಇದೆ, ಎಣ್ಣೆ ಗಾಣವಿದೆ, ಮಿಶಲಿನ್ ಸ್ಟಾರ್ ಪಡೆದ ರೆಸ್ಟೋರೆಂಟ್ ಇದೆ, ಲೇಬಲ್‌ಗಳಿಗೆ ವರ್ಷಕ್ಕೊಬ್ಬ ಕಲಾವಿದರು ಚಿತ್ರ ಬರೆಯುತ್ತಾರೆ. ಮೊದಲ ಸಲ ವೈನರಿ ನೋಡುವವರಿಗೆ ಇದು ಒಳ್ಳೇ ಪಾಠಶಾಲೆ. ಮೊದಲೇ ಹತ್ತಾರು ವೈನರಿ ನೋಡಿದವರಾದರೆ ಟೂರ್ ಬಿಟ್ಟು ನೇರ ಟೇಸ್ಟಿಂಗ್‌ಗೆ ಕೂತರೆ ಸಾಕು.

ಅಲ್ಲಿಂದ ಮೊಂಸರಾಜ್ ಹತ್ತಿರ. ಗುಡ್ಡದ ಮೇಲಿನ ಕೋಟೆ ಊರು, ಕೆಳಗೆ ಅಲ್ಕೆವ ಜಲಾಶಯ. 2002ರಲ್ಲಿ ನೀರು ತುಂಬಲು ಶುರುವಾದ ಈ ಜಲಾಶಯ ಸುಮಾರು 250 ಚದರ ಕಿಲೋಮೀಟರ್ ವಿಸ್ತಾರ, ಪಶ್ಚಿಮ ಯುರೋಪಿನ ದೊಡ್ಡ ಕೃತಕ ಕೆರೆಗಳಲ್ಲೊಂದು. ದಾರಿಯಲ್ಲಿ ಸಾಂವ್ ಪೆದ್ರು ದು ಕೊರ್ವಾಲ್ ಅನ್ನುವ ಕುಂಬಾರರ ಹಳ್ಳಿ ಸಿಗುತ್ತದೆ, ತಟ್ಟೆ ಬಟ್ಟಲು ಕೊಳ್ಳುವ ಆಸೆ ಇದ್ದರೆ ಅಲ್ಲಿ ನಿಲ್ಲಿಸಿ.

ರೆಗೆಂಗುಶ್ ಊರೊಳಗೇ ಜೋಸೆ ದ ಸೋಸ ಅನ್ನುವ ಹಳೇ ವೈನರಿ ಇದೆ, ಅದನ್ನು ಮಾತ್ರ ತಪ್ಪಿಸಬೇಡಿ. 1878ರಲ್ಲಿ ಶುರುವಾಗಿದ್ದು, 1986ರಿಂದ ಜೋಸೆ ಮರಿಯ ದ ಫೊನ್ಸೆಕ ಕಂಪನಿ ಕೈಯಲ್ಲಿದೆ. ನೆಲಮಾಳಿಗೆಗೆ ಇಳಿದರೆ 114 ಮಣ್ಣಿನ ಗುಡಾಣಗಳು ಸಾಲಾಗಿ ನಿಂತಿವೆ. ಇಲ್ಲಿಂದ ನಿಜವಾದ ವಿಷಯ ಶುರು.

ಗುಡಾಣದ ವೈನ್

ಇಲ್ಲಿ ಇದನ್ನು ತಾಲ್ಯ ಅನ್ನುತ್ತಾರೆ. ಆಳೆತ್ತರದ ಗುಡಾಣ, ದೊಡ್ಡದರಲ್ಲಿ ಸಾವಿರ ಲೀಟರ್‌ಗಿಂತ ಜಾಸ್ತಿ ಹಿಡಿಸುತ್ತದೆ. ರೋಮನ್ನರು ಈ ಸೀಮೆಗೆ ತಂದ ವಿಧಾನ, ಎರಡು ಸಾವಿರ ವರ್ಷದಿಂದ ಇಲ್ಲಿ ನಿಂತಿಲ್ಲ. 1950ರ ದಶಕದಲ್ಲಿ ಸಹಕಾರಿ ಸಂಘಗಳು ಬಂದವು, ಸಿಮೆಂಟ್ ತೊಟ್ಟಿ ಬಂತು, ಆಮೇಲೆ ಸ್ಟೀಲ್ ಬಂತು. ಗುಡಾಣಗಳು ಹೋಟೆಲ್ ಅಂಗಳದ ಅಲಂಕಾರಕ್ಕೆ ಮಾರಾಟವಾದವು. ಆದರೆ ವಿದಿಗೇರ, ವಿಲ ದ ಫ್ರಾದಿಶ್, ಇಂಥ ಕೆಲವು ಊರುಗಳಲ್ಲಿ ಜನ ಮನೆಯಲ್ಲಿ, ಹೆಂಡದಂಗಡಿಯಲ್ಲಿ ತಮ್ಮ ಪಾಡಿಗೆ ತಾವು ಮಾಡುತ್ತಲೇ ಇದ್ದರು. ಅವರಿಂದ ಉಳಿಯಿತು. 2010ರಲ್ಲಿ ಇದಕ್ಕೆ ಅಂತಲೇ ಪ್ರತ್ಯೇಕ ಡಿಒಸಿ ನಿಯಮ ಬಂತು.

ಮಾಡುವ ಬಗೆ ಗೊತ್ತಿದ್ದರೆ ನೋಡುವಾಗ ಜಾಸ್ತಿ ಅರ್ಥವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಹಿಸುಕಿ, ರಸ, ಸಿಪ್ಪೆ, ಬೀಜ, ಸ್ವಲ್ಪ ತೊಟ್ಟು, ಎಲ್ಲ ಸೇರಿಸಿ ಗುಡಾಣಕ್ಕೆ ಸುರಿಯುತ್ತಾರೆ. ಹೊರಗಿನ ಯೀಸ್ಟ್ ಹಾಕುವುದಿಲ್ಲ, ಸಿಪ್ಪೆಯ ಮೇಲಿರುವುದೇ ಸಾಕು. ಒಂದೆರಡು ದಿನದಲ್ಲಿ ಹುದುಗು ಶುರುವಾಗಿ ಸಿಪ್ಪೆಯೆಲ್ಲ ಮೇಲಕ್ಕೆ ಬಂದು ದಪ್ಪ ಮುಚ್ಚಳದ ಹಾಗೆ ನಿಲ್ಲುತ್ತದೆ. ಅದನ್ನು ದಿನಕ್ಕೆ ಹಲವು ಸಲ ಮರದ ಕೋಲಿನಿಂದ ಕೆಳಗೆ ಒತ್ತಬೇಕು. ಒತ್ತದಿದ್ದರೆ ಒಳಗಿನ ಗ್ಯಾಸ್ ಹೋಗಲು ದಾರಿಯಿಲ್ಲದೆ ಗುಡಾಣವೇ ಒಡೆದುಹೋಗಬಹುದು. ಹಳೇ ವೈನರಿಗಳಲ್ಲಿ ನೆಲ ಒಂದು ಕಡೆಗೆ ಇಳಿಜಾರಾಗಿ, ಕೊನೆಯಲ್ಲಿ ಒಂದು ಗುಂಡಿ ಇರುವುದನ್ನು ಗಮನಿಸಿ. ಗುಡಾಣ ಒಡೆದರೆ ವೈನ್ ಅಲ್ಲಿಗೆ ಹರಿದು ಸೇರಲಿ ಅಂತ ಮಾಡಿದ್ದು. ಸೆಕೆ ಜಾಸ್ತಿಯಾದರೆ ಗುಡಾಣದ ಹೊರಮೈಗೆ ನೀರು ಹಾಕಿ ತಂಪು ಮಾಡುತ್ತಾರೆ.

ಮಣ್ಣು ವೈನ್ ಕುಡಿಯದಿರಲಿ ಅಂತ ಒಳಮೈಗೆ ಪೈನ್ ಮರದ ರಾಳ ಸವರುತ್ತಾರೆ. ರಾಳ ಕಾಯಿಸಿ, ಬಿಸಿ ಗುಡಾಣದೊಳಗೆ ಹಚ್ಚುವ ಕೆಲಸ ಗೊತ್ತಿರುವವರು ಈಗ ಕೆಲವೇ ಜನ. ಅಷ್ಟು ದೊಡ್ಡ ಗುಡಾಣ ಹೊಸದಾಗಿ ಮಾಡುವ ಕುಂಬಾರರೂ ಕಡಿಮೆ. ನೀವು ನೋಡುವ ಹೆಚ್ಚಿನವು 19ನೇ ಶತಮಾನದವು ಅಥವಾ ಇನ್ನೂ ಹಳೆಯವು, ಕೆಲವುದರ ಹೆಗಲ ಮೇಲೆ ಇಸವಿ ಕೆತ್ತಿರುತ್ತದೆ. ಹುಡುಕಿ ನೋಡಿ.

ಹುದುಗು ಮುಗಿದ ಮೇಲೆ ಸಿಪ್ಪೆ ತಳಕ್ಕೆ ಕೂರುತ್ತದೆ. ಮೇಲೆ ಆಲಿವ್ ಎಣ್ಣೆಯ ಪದರ ಹಾಕಿದರೆ ಗಾಳಿ ತಾಗುವುದಿಲ್ಲ. ನಿಯಮದ ಪ್ರಕಾರ ನವೆಂಬರ್ 11ರವರೆಗೆ, ಅಂದರೆ ಸಂತ ಮಾರ್ಟಿನ್ ಹಬ್ಬದವರೆಗೆ, ವೈನ್ ಸಿಪ್ಪೆಯ ಜೊತೆ ಗುಡಾಣದಲ್ಲೇ ಇರಬೇಕು. ಆ ದಿನ ತಳದ ಹತ್ತಿರದ ತೂತಿಗೆ ನಲ್ಲಿ ಹೊಡೆಯುತ್ತಾರೆ. ತಳದಲ್ಲಿ ಕೂತ ಸಿಪ್ಪೆಯ ಮೂಲಕವೇ ಸೋಸಿಕೊಂಡು ವೈನ್ ಹೊರಗೆ ಬರುತ್ತದೆ. ಮೊದಮೊದಲು ಮಬ್ಬಾಗಿ ಬಂದಿದ್ದನ್ನು ಮತ್ತೆ ಮೇಲಿಂದ ಸುರಿಯುತ್ತಾರೆ, ತಿಳಿಯಾಗುವವರೆಗೆ. ಪಂಪಿಲ್ಲ, ಫಿಲ್ಟರಿಲ್ಲ. ಸಂತ ಮಾರ್ಟಿನ್ ದಿನ ವೈನ್‌ಮನೆಗೆ ಹೋಗಿ ವೈನ್ ರುಚಿ ನೋಡು ಅಂತ ಪೋರ್ಚುಗಲ್‌ನಲ್ಲಿ ಗಾದೆಯೇ ಇದೆ. ಜೊತೆಗೆ ಸುಟ್ಟ ಚೆಸ್ಟ್‌ನಟ್ ತಿನ್ನುತ್ತಾರೆ.

ನವೆಂಬರ್‌ನಲ್ಲಿ ಬನ್ನಿ ಅಂದಿದ್ದು ಅದಕ್ಕೇ. ಆ ವಾರ ವಿಲ ದ ಫ್ರಾದಿಶ್‌ಗೆ ಹೋದರೆ ಗುಡಾಣದಿಂದ ನೇರವಾಗಿ ನಿಮ್ಮ ಲೋಟಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ವಿತಿಫ್ರಾದಿಶ್ ಅನ್ನುವ ಹಬ್ಬ ನಡೆಯುತ್ತದೆ. ಹತ್ತಿರದ ರೊಸಿಂ ಎಸ್ಟೇಟಿನಲ್ಲಿ ನವೆಂಬರ್ ತಿಂಗಳಲ್ಲೇ ಗುಡಾಣದ ವೈನ್ ಮಾಡುವವರೆಲ್ಲ ಸೇರುವ ದಿನವಿದೆ, ಬೇರೆ ದೇಶದವರೂ ಬರುತ್ತಾರೆ. ಒಂದೇ ದಿನದಲ್ಲಿ ಹಲವು ಬಗೆ ರುಚಿ ನೋಡಬೇಕು ಅನ್ನುವವರಿಗೆ ಅದು ಸರಿ. ನನ್ನನ್ನು ಕೇಳಿದರೆ ಹಳ್ಳಿಯ ಹೆಂಡದಂಗಡಿಯೇ ಮೇಲು. ಅಲ್ಲಿ ಗುಡಾಣಗಳ ನಡುವೆಯೇ ಮೇಜು ಹಾಕಿರುತ್ತಾರೆ, ವೈನ್ ಜಗ್ಗಿನಲ್ಲಿ ಬರುತ್ತದೆ, ಅದೃಷ್ಟವಿದ್ದರೆ ಪಕ್ಕದ ಮೇಜಿನ ಮುದುಕರು ಕಾಂತ್ ಹಾಡಲು ಶುರುಮಾಡುತ್ತಾರೆ. ವಾದ್ಯವೇ ಇಲ್ಲದೆ ಗುಂಪಾಗಿ ಹಾಡುವ ಈ ಪದಗಳನ್ನು ಯುನೆಸ್ಕೋ 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ರುಚಿ ಹೇಗಿರುತ್ತದೆ? ನಯ ನಿರೀಕ್ಷಿಸಬೇಡಿ. ಬಿಳಿ ದ್ರಾಕ್ಷಿಯ ವೈನ್ ಕೂಡ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಸಿಪ್ಪೆಯ ಜೊತೆ ಇದ್ದಿದ್ದರಿಂದ ಸ್ವಲ್ಪ ಒಗರು, ಹಿಂದೆ ಎಲ್ಲೋ ರಾಳದ ವಾಸನೆ, ಒಣಹಣ್ಣಿನ ವಾಸನೆ. ಕೆಲವರದು ಮಬ್ಬು, ಕೆಲವರದು ತಿಳಿ. ಮೊದಲ ಗುಟುಕಿಗೆ ಮುಖ ಸಿಂಡರಿಸಿದವರು ಊಟದ ಜೊತೆ ಎರಡನೇ ಲೋಟ ಕೇಳುವುದು ನೋಡಿದ್ದೇನೆ. ಕೆಂಪು ಬಿಳಿ ದ್ರಾಕ್ಷಿ ಬೆರೆಸಿ ಮಾಡಿದ ತೆಳುಗೆಂಪು ವೈನೂ ಈ ಕಡೆ ಇದೆ, ಕಂಡರೆ ಬಿಡಬೇಡಿ. ಇವೆಲ್ಲ ಬೇಗ ಕುಡಿಯುವಂಥವು, ವರ್ಷಗಟ್ಟಲೆ ಇಟ್ಟುಕೊಳ್ಳಲು ಅಲ್ಲ.

ವಿಲ ದ ಫ್ರಾದಿಶ್ ಪಕ್ಕದಲ್ಲೇ ಸಾಂವ್ ಕುಕುಫಾತ್ ಅನ್ನುವ ರೋಮನ್ ಮನೆಯ ಅವಶೇಷವಿದೆ, ಇಟ್ಟಿಗೆ ಕಮಾನುಗಳು ಇನ್ನೂ ನಿಂತಿವೆ. ವೈನ್ ಕುಡಿಯುವ ಮುಂಚೆ ಅಲ್ಲಿ ಅರ್ಧ ಗಂಟೆ ಸುತ್ತಿ. ವಿದಿಗೇರ ಊರಿಗೂ ಒಂದು ವಿಚಿತ್ರ ನಂಟು. 1519ರಲ್ಲಿ ಪೋರ್ಚುಗಲ್ ರಾಜ ವಾಸ್ಕೋ ಡ ಗಾಮನಿಗೆ ವಿದಿಗೇರದ ಕೌಂಟ್ ಅನ್ನುವ ಪಟ್ಟ ಕೊಟ್ಟ. ಅವನು 1524ರಲ್ಲಿ ಕೊಚ್ಚಿಯಲ್ಲಿ ಸತ್ತ ಮೇಲೆ ಎಲುಬುಗಳನ್ನು ಇಲ್ಲಿಗೇ ತಂದಿದ್ದರು, ಲಿಸ್ಬನ್‌ಗೆ ಸಾಗಿಸಿದ್ದು 1880ರಲ್ಲಿ.

ಹಳೇ ಮನೆತನಗಳು, ಮತ್ತೆ ಒಂದು ದುಬಾರಿ ಬಾಟಲಿ

ಎವೊರದ ಅಂಚಿನಲ್ಲೇ ಕಾರ್ತೂಶ ಇದೆ. ಹಿಂದೆ ಜೆಸ್ವಿಟ್ ಪಾದ್ರಿಗಳಿದ್ದ ಮನೆಯಲ್ಲಿ ವೈನರಿ ಮಾಡಿದ್ದಾರೆ, ಪಕ್ಕದಲ್ಲೇ ಮೌನವ್ರತದ ಕಾರ್ತೂಸಿಯನ್ ಸನ್ಯಾಸಿಗಳ ಮಠ. 2019ರವರೆಗೂ ಸನ್ಯಾಸಿಗಳು ಅಲ್ಲಿದ್ದರು. ನಡೆಸುವುದು ಯೂಜೇನಿಯು ದ ಅಲ್ಮೇದ ಪ್ರತಿಷ್ಠಾನ, 1963ರಲ್ಲಿ ಶುರುವಾದದ್ದು. ಇವರ ಪೇರ ಮಾಂಕ ಕೆಂಪು ವೈನ್ ದೇಶದ ಅತಿ ಹೆಸರುವಾಸಿ ಬಾಟಲಿಗಳಲ್ಲೊಂದು. 1990ರ ಕೊಯ್ಲಿನಿಂದ ಶುರು, ಒಳ್ಳೇ ವರ್ಷಗಳಲ್ಲಿ ಮಾತ್ರ ಮಾಡುತ್ತಾರೆ, ಬೆಲೆ ನೂರಾರು ಯೂರೋ. ಅದರ ಹಿಂದೆ ಬೀಳಬೇಡಿ. ಅದೇ ಅರಗೊನೇಜ್, ತ್ರಿಂಕದೇರ ಹಾಕಿ ಅವರೇ ಮಾಡುವ ಕಾರ್ತೂಶ ಕೆಂಪು ಅದಕ್ಕಿಂತ ಎಷ್ಟೋ ಅಗ್ಗ, ಪ್ರವಾಸದಲ್ಲಿ ಸಂಜೆ ಕುಡಿಯಲು ಅದೇ ಸಾಕು. ಪೇರ ಮಾಂಕದ ಬಿಳಿ ಕೂಡ ಕೆಂಪಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ನನ್ನ ಪ್ರಕಾರ ಹಳೇ ಮನೆತನಗಳಲ್ಲಿ ನೋಡಲೇಬೇಕಾದ್ದು ಮೊಶಾಂವ್. ಎಸ್ತ್ರೆಮೋಜ್‌ನ ಆಚೆ, ಸೊಸೆಲ್ ಕಡೆ. ಕಾರ್ಕ್ ವ್ಯಾಪಾರಕ್ಕೆ ಅಂತ 19ನೇ ಶತಮಾನದಲ್ಲಿ ಇಂಗ್ಲೆಂಡ್‌ನಿಂದ ಬಂದ ರೆನಾಲ್ಡ್ಸ್ ಮನೆತನದ್ದು. ವೈನರಿ ಕಟ್ಟಿದ್ದು 1901ರಲ್ಲಿ. ಅಲಿಕಾಂತ್ ಬುಶೆ ಪೋರ್ಚುಗಲ್‌ನಲ್ಲಿ ಬೇರೂರಿದ್ದು ಇಲ್ಲಿಂದ. ಇವತ್ತಿಗೂ ದ್ರಾಕ್ಷಿಯನ್ನು ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆ, ದೊಡ್ಡ ಮರದ ಪೀಪಾಯಿಗಳಲ್ಲಿ ಬಲಿಯಲು ಬಿಡುತ್ತಾರೆ. ವೈನ್ ಒಗರು, ಗಟ್ಟಿ, ಹತ್ತು ಹದಿನೈದು ವರ್ಷ ಇಟ್ಟರೆ ಮೆತ್ತಗಾಗುವಂಥದ್ದು. ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬೇಡಿ.

ದಾರಿಯುದ್ದಕ್ಕೂ ಕಾರ್ಕ್ ಓಕ್ ಮರಗಳು ಕಾಣುತ್ತವೆ, ತೊಗಟೆ ಸುಲಿದ ಕಾಂಡ ಕೆಂಪಗೆ ಇರುತ್ತದೆ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನದ್ದೇ. ಒಂದು ಮರವನ್ನು ಮೊದಲ ಸಲ ಸುಲಿಯಲು ಸುಮಾರು 25 ವರ್ಷ ಕಾಯಬೇಕು, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿರುತ್ತಾರೆ, ಅದು ಕೊನೆಯ ಸಲ ಸುಲಿದ ವರ್ಷದ ಕೊನೆಯ ಅಂಕಿ. ಕಾರಿನಲ್ಲಿ ಮಕ್ಕಳಿದ್ದರೆ ಮುಂದೆ ಸುಲಿಯುವುದು ಯಾವಾಗ ಅಂತ ಲೆಕ್ಕ ಹಾಕಿಸಿ, ಹೊತ್ತು ಹೋಗುತ್ತದೆ.

ಉತ್ತರದ ಬೆಟ್ಟ

ಸಮಯವಿದ್ದರೆ ಪೋರ್ತಾಲೆಗ್ರ್. ಅಲೆಂತೇಜು ಅಂದರೆ ಬರೀ ಬಿಸಿಲು, ಬಯಲು ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ಸಾಂವ್ ಮಮೇದ್ ಬೆಟ್ಟದ ತುದಿ ಸಾವಿರ ಮೀಟರ್ ದಾಟುತ್ತದೆ, ರಾತ್ರಿ ತಂಪು, ಕಲ್ಲುನೆಲ, ಬೇರೆ ಬೇರೆ ದ್ರಾಕ್ಷಿ ಬೆರೆಸಿ ನೆಟ್ಟ ಹಳೇ ಬಳ್ಳಿಗಳ ಚಿಕ್ಕ ಚಿಕ್ಕ ತೋಟಗಳು. ವೈನ್‌ನಲ್ಲಿ ಹುಳಿ, ತಾಜಾತನ ಎರಡೂ ಜಾಸ್ತಿ. ಪೋರ್ಟ್ ವೈನ್‌ಗೆ ಹೆಸರಾದ ಸಿಮಿಂಗ್ಟನ್ ಮನೆತನ ಉತ್ತರ ಪೋರ್ಚುಗಲ್‌ನ ದೌರು ಕಣಿವೆಯ ಹೊರಗೆ ಜಮೀನು ಕೊಳ್ಳಲು ಹೊರಟಾಗ 2017ರಲ್ಲಿ ಆರಿಸಿದ್ದು ಇದೇ ಜಾಗವನ್ನು. ಸೆಕೆ ಏರುತ್ತಿರುವ ಕಾಲದಲ್ಲಿ ಎಲ್ಲರ ಕಣ್ಣು ಎತ್ತರದ ಮೇಲಿದೆ, ಅಲ್ವಾ.

ವಾಪಸ್ ಬರುವಾಗ ಸ್ವಲ್ಪ ಸುತ್ತಿದರೆ ಕಾಂಪು ಮಯೋರ್ ಸಿಗುತ್ತದೆ. ಅಲ್ಲಿನ ಅದೇಗ ಮಯೋರ್ ಕಟ್ಟಡವನ್ನು ವಿನ್ಯಾಸ ಮಾಡಿದ್ದು ಪೋರ್ಚುಗಲ್‌ನ ಹೆಸರಾಂತ ವಾಸ್ತುಶಿಲ್ಪಿ ಆಲ್ವರು ಸೀಜ, 2007ರಲ್ಲಿ ತೆರೆದದ್ದು. ಬಯಲಿನಲ್ಲಿ ಒಂಟಿಯಾಗಿ ನಿಂತ ಬಿಳಿ ಪೆಟ್ಟಿಗೆ. ಕಟ್ಟಡಗಳಲ್ಲಿ ಆಸಕ್ತಿ ಇಲ್ಲದವರು ಬಿಡಬಹುದು.

ಊಟದ ಮೇಜು

ಕೂತ ಕೂಡಲೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡ ಅಂದರೆ ಸಾಕು, ಮುಟ್ಟದೆ ವಾಪಸ್ ಕಳಿಸಬಹುದು. ಆದರೆ ಕಳಿಸಬೇಡಿ, ಅಲೆಂತೇಜು ಬ್ರೆಡ್ಡೂ ಎವೊರದ ಕುರಿಹಾಲಿನ ಚೀಸೂ ಚೆನ್ನಾಗಿವೆ, ಉಪ್ಪಾದ ಗಟ್ಟಿ ಚೀಸಿಗೆ ಗುಡಾಣದ ಬಿಳಿ ವೈನ್ ಬಹಳ ಹೊಂದುತ್ತದೆ.

ಊಟ ಹೆಚ್ಚಾಗಿ ಮಾಂಸದ್ದೇ, ಓಕ್ ಕಾಯಿ ತಿಂದು ಬೆಳೆದ ಕಪ್ಪು ಹಂದಿಗೆ ಈ ಸೀಮೆ ಹೆಸರುವಾಸಿ. ಅಲಿಕಾಂತ್ ಬುಶೆ ಇರುವ ಕೆಂಪು ವೈನ್ ಅದರ ಜೊತೆ ಸರಿ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಕೇಳಿ ಕೇಳಿ ತಿನ್ನಬೇಕು. ಅಸೋರ್ದ ಅನ್ನುವುದು ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಆಲಿವ್ ಎಣ್ಣೆ ಅರೆದು, ಬಿಸಿನೀರು ಸುರಿದು, ಬ್ರೆಡ್ ಹಾಕಿ ಮಾಡುವ ಸಾರು. ಮೇಲೆ ಮೊಟ್ಟೆ ಬರುತ್ತದೆ. ಎಷ್ಟೋ ಕಡೆ ಆ ನೀರು ಮೀನು ಬೇಯಿಸಿದ್ದಾಗಿರುತ್ತದೆ, ಹಾಗಾಗಿ ಮೊದಲೇ ವಿಚಾರಿಸಿ. ಯುರೋಪಿನಲ್ಲಿ ಇಷ್ಟು ಧಾರಾಳವಾಗಿ ಕೊತ್ತಂಬರಿ ಬಳಸುವ ಸೀಮೆ ಇನ್ನೊಂದು ನನಗೆ ಕಂಡಿಲ್ಲ.

ಕೊಳ್ಳುವಾಗ

ವೈನರಿಯಲ್ಲಿ ಕೊಂಡರೆ ಅಗ್ಗ ಅನ್ನುವುದು ಯಾವಾಗಲೂ ನಿಜವಲ್ಲ. ದೊಡ್ಡ ಬ್ರ್ಯಾಂಡ್‌ಗಳ ಬಾಟಲಿ ಸೂಪರ್ ಮಾರ್ಕೆಟ್‌ನಲ್ಲಿ ಅದೇ ಬೆಲೆಗೆ, ಒಮ್ಮೊಮ್ಮೆ ಕಡಿಮೆಗೇ ಸಿಗುತ್ತದೆ. ಹತ್ತು ಯೂರೋ ಒಳಗೆ ಒಳ್ಳೇ ಅಲೆಂತೇಜು ವೈನ್ ಆರಾಮಾಗಿ ಬರುತ್ತದೆ. ಆದ್ದರಿಂದ ವೈನರಿಯಲ್ಲಿ ಹೊರಗೆ ಸಿಗದ್ದನ್ನೇ ಕೇಳಿ: ಹಳೇ ವರ್ಷದ ಬಾಟಲಿ, ಒಂದೇ ತೋಟದ ವೈನ್, ಕಡಿಮೆ ಮಾಡಿದ ಗುಡಾಣದ ವೈನ್. ಬೋರ್ಬ, ರೆದೊಂದು, ವಿದಿಗೇರದಂಥ ಊರುಗಳ ಸಹಕಾರಿ ಸಂಘದ ಅಂಗಡಿಗಳನ್ನೂ ಕಡೆಗಣಿಸಬೇಡಿ. ಬೋರ್ಬದ್ದು 1955ರಿಂದ ಇದೆ. ದಿನನಿತ್ಯ ಕುಡಿಯುವ ವೈನ್ ಇಲ್ಲಿನ ಜನ ಕೊಳ್ಳುವುದೇ ಅಲ್ಲಿ.

ಕೊಂಡ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ಸಾಕು, ಕಾರ್ಕ್ ಉಬ್ಬಿ ಹೊರಗೆ ಬರುತ್ತದೆ, ವೈನ್ ಬೆಂದಹಾಗಾಗುತ್ತದೆ. ಕೊನೆಯ ದಿನ ಕೊಳ್ಳುವುದು, ಇಲ್ಲವೇ ಕೊಂಡ ದಿನವೇ ರೂಮಿಗೆ ಸಾಗಿಸುವುದು ಒಳ್ಳೆಯದು. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಹಾಕಬೇಕು. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪೆಟ್ಟಿಗೆಯ ನಡುವೆ ಇಡಿ. ನೀವು ಇಳಿಯುವ ದೇಶದಲ್ಲಿ ಸುಂಕವಿಲ್ಲದೆ ಎಷ್ಟು ಲೀಟರ್ ಬಿಡುತ್ತಾರೆ ಅನ್ನುವುದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ಮಿತಿ ಎರಡೋ ಮೂರೋ ಬಾಟಲಿ ಅಂತಾದರೆ ಅದರಲ್ಲಿ ಒಂದು ಮೊಶಾಂವ್ ಇರಲಿ. ಗುಡಾಣದ್ದನ್ನು ಅಲ್ಲೇ ಕುಡಿದು ಮುಗಿಸಿ.